ಅಕ್ಕನನ್ನು ಕೇಳದೆ ಹಾಕಿದ ಗುರುತು

ನನ್ನ ಅಕ್ಕ ಫಿಲೊಮೆನಾಗೆ ಇನ್ನು ಆರೇ ತಿಂಗಳು ಎಂದು ವೈದ್ಯರು ಹೇಳಿ ಇಪ್ಪತ್ತೆರಡು ವರ್ಷವಾಯಿತು. ಹೇಳಿದವರೇ ತೀರಿಕೊಂಡರು, ಅಕ್ಕ ಹೂವು ಕಳಿಸಿದಳು. ಸ್ನಾಯುಗಳೆಲ್ಲ ಕೈಕೊಟ್ಟು ಈಗ ಅವಳ ಮಾತು ಕೇಳುವುದು ಎರಡು ಬೆರಳು ಮತ್ತು ನಾಲಿಗೆ ಮಾತ್ರ. ಉಸಿರಿಗೆ ಯಂತ್ರ. ಆ ನಾಲಿಗೆಯಿಂದಲೇ ಅವಳು ನ್ಯೂ ಇಂಗ್ಲೆಂಡಿನ ನಮ್ಮ ಬಂದರು ಊರಿನ ಟ್ಯಾಕ್ಸಿ ಕಚೇರಿಯ ಫೋನು ನೋಡಿಕೊಳ್ಳುತ್ತಾಳೆ. ಹದಿನಾಲ್ಕು ಚಾಲಕರೂ ಅವಳಿಗೆ ಹೆದರುತ್ತಾರೆ. ನಾನೂ ಅಷ್ಟೆ. ಸೊಪ್ಪಿನ ಸೂಪಿಗೆ ಮಾಂಸದ ಸಾಸೇಜು ಕಡಿಮೆ ಬಿದ್ದರೆ ಮೂರು ದಿನ ಅದೇ ರಾಗ.

ವರ್ಷ ಬಿಟ್ಟು ವರ್ಷ ನಮ್ಮ ರಾಜ್ಯದ ಶಾಸನಸಭೆಗೆ ಅದೇ ಮಸೂದೆ ಬರುತ್ತದೆ. ಆರು ತಿಂಗಳಿಗಿಂತ ಹೆಚ್ಚು ಬದುಕದ ರೋಗಿ ಕೇಳಿದರೆ, ಸಾಯುವ ಔಷಧಿಯನ್ನು ವೈದ್ಯರೇ ಬರೆದುಕೊಡಬಹುದಂತೆ. ಬಿದ್ದುಹೋದ ಮಸೂದೆಯನ್ನು ಮತ್ತೆ ಎಬ್ಬಿಸಿ ತರುವವರಿಗೆ ಬೇಸರವೇ ಇಲ್ಲ.

"ಡಾಕ್ಟ್ರು ಆರು ತಿಂಗಳು ಅಂದ ವಾರ ಈ ಕಾನೂನು ಇದ್ದಿದ್ರೆ ನಾನೇ ಕೇಳ್ಬಿಡ್ತಿದ್ದೆ ಕಣೆ ಲುಸಿಂಡಾ. ಅಷ್ಟು ಹೆದರಿದ್ದೆ," ಎನ್ನುತ್ತಾಳೆ ಅಕ್ಕ.

ಅದಕ್ಕೇ ಪ್ರತಿ ಸಲವೂ, ಮಸೂದೆಯ ಬಗ್ಗೆ ಜನರ ಮಾತು ಕೇಳುವ ಸಮಿತಿಯ ಮುಂದೆ ವಿರೋಧಿಸಲು ಹೊರಡುತ್ತಾಳೆ. ಅವಳನ್ನು ಹೊರಡಿಸುವುದೆಂದರೆ ನನಗೆ ಮೂರು ತಾಸಿನ ಕೆಲಸ: ಗಾಲಿಕುರ್ಚಿ, ಬ್ಯಾಟರಿ, ಕೊಳವೆ, ಬದಲಿ ಕೊಳವೆ. ಅಲ್ಲಿ ಸಿಗುವುದು ತಲೆಗೆ ಎರಡೇ ನಿಮಿಷ. ಯಂತ್ರ ಒಂದು ಉಸಿರು ಕೊಟ್ಟರೆ ಅಕ್ಕನಿಗೆ ನಾಲ್ಕು ಪದ. ವಾರಗಟ್ಟಲೆ ಅವಳು ಭಾಷಣ ಕತ್ತರಿಸುತ್ತಾಳೆ, ನಾನು ಗಡಿಯಾರ ಹಿಡಿದು ನಿಲ್ಲುತ್ತೇನೆ. ನನಗಂತೂ ಸಾಕಾಗಿಹೋಗಿದೆ.

ಈ ಸಲ ಬಾಗಿಲಲ್ಲಿ ಹೆಸರು ಬರೆಯುತ್ತಿದ್ದ ಬೋಳುತಲೆಯ ಗುಮಾಸ್ತರು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೆಸರನ್ನು ನನ್ನ ಹತ್ತಿರ ಕೇಳಿದರು. ಹೇಳಿ ಬ್ಯಾಟರಿ ನೋಡಲು ಬಗ್ಗಿದೆ. ಅಷ್ಟರಲ್ಲಿ ಅವರು, ನಮಗೆ ಆಮೇಲೆ ತಿಳಿದಂತೆ, 'ಪರ' ಎಂಬ ಸಾಲಿನಲ್ಲಿ ಗುರುತು ಹಾಕಿ ಮುಗಿಸಿದ್ದರು. ಇಂಥ ಸ್ಥಿತಿಯಲ್ಲಿರುವವಳು ಇನ್ನೇನು ಬೇಡಲು ಬಂದಾಳು ಎಂದುಕೊಂಡಿರಬೇಕು.

ಒಳಗೆ ಮಸೂದೆಯ ಪರ ಇರುವವರನ್ನು ಮೊದಲು ಕರೆಯುವುದು ರೂಢಿ. ಅವರ ನಡುವೆ ಅಕ್ಕನ ಹೆಸರು ಬಂತು. ನಿಮ್ಮ ನೋವು ನಮಗೆ ಅರ್ಥವಾಗುತ್ತದೆ, ಬೆಂಬಲಕ್ಕೆ ಕೃತಜ್ಞರು ಎಂದು ಅಧ್ಯಕ್ಷರು ಮೆತ್ತಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮೇಜಿನ ಹಸಿರು ದೀಪ ಆಗಲೇ ಹೊತ್ತಿತ್ತು, ಸಮಯ ಓಡುತ್ತಿತ್ತು.

ಅಕ್ಕ ಕಲಿತಿದ್ದ ಭಾಷಣವನ್ನು ಕೈಬಿಟ್ಟಳು.

"ನಾನು ಇದಕ್ಕೆ ವಿರೋಧ. ಹೆಸರು ಬರೆದೋರು ನನ್ನ ಕೇಳ್ಲಿಲ್ಲ. ನೋಡಿದ್ರು, ಅಷ್ಟೆ. ಒಳ್ಳೆಯವ್ರೇ, ಬೈಯಲ್ಲ. ನಾಳೆ ಬರೋ ಡಾಕ್ಟ್ರೂ ಒಳ್ಳೆಯವ್ರೇ ಇರ್ತಾರೆ. ಅವ್ರೂ ನೋಡ್ತಾರೆ."

ಉಸಿರು ಉಸಿರಿನ ನಡುವೆ ಕಾದು ಇಷ್ಟು ಹೇಳುವಷ್ಟರಲ್ಲಿ ಕೆಂಪು ದೀಪ ಬಂತು. ಗುಮಾಸ್ತರು ತಲೆ ತಗ್ಗಿಸಿ ಗುರುತು ತಿದ್ದಿದರು.

ವಾಪಸು ಬರುವಾಗ ವ್ಯಾನಿನಲ್ಲಿ ಆ ಗುಮಾಸ್ತರಿಗೆ ನನ್ನ ಬಾಯಿಂದ ಸಹಸ್ರನಾಮವಾಯಿತು. ಮನುಷ್ಯರನ್ನು ಕಂಡರೆ ಒಂದು ಮಾತು ಕೇಳಬೇಕೆಂಬ ಬುದ್ಧಿ ಬೇಡವೇ ಎಂದೆ. ನಾನು ಬೈದು ಮುಗಿಸುವವರೆಗೆ ಅಕ್ಕ ಕಾದಳು.

ಆಮೇಲೆ ಹೇಳಿದಳು: "ಅವ್ರನ್ನ ಬಿಡು. ನಂಗೆ ನಿಮೋನಿಯಾ ಆದಾಗ ಯಂತ್ರ ಹಾಕೋದಾ, ಬೇಡ್ವಾ ಅಂತ ಡಾಕ್ಟ್ರು ಯಾರನ್ನ ಕೇಳಿದ್ರು?"

ನನ್ನನ್ನೇ ಕೇಳಿದ್ದರು. ಒಂಬತ್ತು ವರ್ಷದ ಹಿಂದೆ, ಅವಳ ಹಾಸಿಗೆಯ ಪಕ್ಕದಲ್ಲೇ. ಅವಳು ನರಳಿದ್ದು ಸಾಕು, ಬೇಡ ಎಂದಿದ್ದೆ. ಪ್ರೀತಿಯಿಂದಲೇ ಹೇಳಿದ್ದೆ. ಹಾಸಿಗೆಯ ಕಂಬಿಯ ಮೇಲೆ ಅಕ್ಕನ ಎರಡು ಬೆರಳು ಬಡಿಯುತ್ತಲೇ ಇದ್ದದ್ದನ್ನು ಕೇಳಿ ತಿರುಗಿ ನೋಡಿ, ಅವಳನ್ನೇ ಕೇಳಿ ಯಂತ್ರ ಹಾಕಿಸಿದ್ದು ನರ್ಸು, ನಾನಲ್ಲ. ನಿದ್ದೆಗಣ್ಣಲ್ಲಿದ್ದ ಅಕ್ಕನಿಗೆ ನನ್ನ ಮಾತು ಕೇಳಿಸಿರಲಿಕ್ಕಿಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆ.

ಮನೆ ಬಂತು. ಅವಳನ್ನು ಒಳಗೆ ತಂದು, ಕೊಳವೆ ಸರಿಮಾಡಿ, ಒಲೆಯ ಮೇಲೆ ಸೂಪಿನ ಪಾತ್ರೆ ಇಟ್ಟೆ.

"ಸಾಸೇಜು ಎಷ್ಟು ಹಾಕ್ಲಿ, ಅಕ್ಕ?"

ಇಷ್ಟು ವರ್ಷದಲ್ಲಿ ಅದನ್ನೂ ನಾನು ಒಮ್ಮೆಯೂ ಕೇಳಿರಲಿಲ್ಲ. ಯಂತ್ರ ಒಂದು ಉಸಿರು ಕೊಡುವವರೆಗೆ ಅವಳು ಕಾದಳು, ನಾನೂ ಕಾದೆ.

"ಜಾಸ್ತಿ," ಎಂದಳು.