ಅತ್ತೆ ಕೂತು ಆರಿಸಿದ ಸಿಂಕು

ನಮ್ಮತ್ತೆಯಂಥ ಹಟಮಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ ಕೊಳ್ಳೇಗಾಲದಿಂದ ಸೊಸೆಯಾಗಿ ನಾನು ಬಂದದ್ದು ತಮಿಳುನಾಡಿನ ಕೊಯಮತ್ತೂರಿನ ಕಡೆಯ ಅನ್ನೂರಿನ ಪಕ್ಕದ ನೇಕಾರರ ಬೀದಿಗೆ. ಮಣ್ಣಿನ ಗೋಡೆಯ ಹಳೆಯ ಮನೆ. ಮುಂದಿನ ಅಂಕಣದಲ್ಲಿ ಗುಂಡಿ ಮಗ್ಗ, ಹಿಂದೆ ಅಡುಗೆಮನೆ. ಆ ಅಡುಗೆಮನೆಯ ಅಟ್ಟ ಎಷ್ಟು ತಗ್ಗೆಂದರೆ, ಉದ್ದನೆಯ ಹೆಣ್ಣಾದ ನಾನು ಬಂದ ದಿನವೇ ತೊಲೆಗೆ ಹಣೆ ಚಚ್ಚಿಕೊಂಡೆ. ಈ ಮನೆ ಕುಳ್ಳರಿಗಾಗಿ ಕಟ್ಟಿದ್ದು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಪಾತ್ರೆ ತೊಳೆಯಲು ಆಗ ಮೂಲೆಯಲ್ಲೊಂದು ಕಲ್ಲು ಇತ್ತು. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತೇ ಉಜ್ಜಬೇಕು. ಒಂದು ಮಳೆಗಾಲದಲ್ಲಿ ಅತ್ತೆಯ ಮಂಡಿ ಹಿಡಿದುಕೊಂಡಿತು. ಕುಕ್ಕರಿಸಲು ಆಗದು, ಬಹಳ ಹೊತ್ತು ನಿಲ್ಲಲೂ ಆಗದು. ಆದರೆ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಮಾತ್ರ ಸಂಜೆಯವರೆಗೂ ನೇಯುತ್ತಿದ್ದರು, ಒಂದು ಸಲವೂ ‘ಅಮ್ಮಾ’ ಅನ್ನುತ್ತಿರಲಿಲ್ಲ.

“ಪಾತ್ರೆ ತೊಳೆಯೋಕೆ ಒಬ್ಬಳನ್ನ ಗೊತ್ತು ಮಾಡ್ತೀನಿ. ನೀ ಸುಮ್ನೆ ಕುಂತು ಉಣ್ಣಮ್ಮ” ಅಂದರು ನನ್ನ ಯಜಮಾನರು.

“ಕುಂತು ಉಣ್ಣೋಕೆ ನಾನೇನು ನೆಂಟಳಾ? ಪಾತ್ರೆ ಮುಟ್ಟದಿದ್ರೆ ಅಡುಗೆಮನೆಲಿ ನಂಗೇನು ಕೆಲಸ?” ಅಂದರು ಅತ್ತೆ. ಆ ಮಾತಿನ ಹಿಂದಿದ್ದ ಹೆದರಿಕೆ ನನಗೂ ಕೇಳಿಸಿತು. ಆ ಮನೆಯಲ್ಲಿ ಅವರು ಬೇಕಾದವರಾಗಿ ಉಳಿಯಬೇಕಿತ್ತು, ಅಷ್ಟೇ. ಬೇರೆ ದಾರಿ ಕಾಣುವವರೆಗೆ ಪಾತ್ರೆ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಕೊನೆಗೆ ಸಿಂಕು ಹಾಕಿಸುವ ಮಾತು ಬಂತು. ಯಜಮಾನರಿಗೆ ಕೊಯಮತ್ತೂರಿನ ಸ್ನೇಹಿತರ ಮನೆಯಲ್ಲಿ ಕಂಡಂಥ ಬಿಳಿ ಪಿಂಗಾಣಿ ಸಿಂಕನ್ನು ಗೋಡೆಗೆ ತೂಗುಹಾಕುವ ಆಸೆ. ನನಗೂ ನಿಂತು ತೊಳೆಯುವ ಸಿಂಕೇ ಬೇಕಿತ್ತು. ಆದರೆ ನಮ್ಮ ಗೋಡೆಗೆ ಮೊಳೆ ಹೊಡೆದರೆ ಹಿಡಿ ಹಿಡಿ ಮಣ್ಣು ಉದುರುತ್ತಿತ್ತು. ನಿಂತರೆ ನನ್ನ ತಲೆಗೆ ಅಟ್ಟ. ನಿಂತು ತೊಳೆಯುವುದಾದರೆ ಅತ್ತೆಗೆ ಆ ಮೂಲೆ ಮುಗಿದೇ ಹೋಯಿತು. ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ, “ಕಡೆಗೆ ನಾನೇ ಬತ್ತೀನಿ” ಅಂದರು. ಕಡೆ ಎಂದರೆ ಅಂಗಡಿ. ನಮ್ಮ ಮನೆಮಾತಿನಲ್ಲಿ ಅರ್ಧ ತಮಿಳು.

ಟೌನ್ ಬಸ್ಸಿನಲ್ಲಿ ಅವರನ್ನು ಕೈಹಿಡಿದು ಹತ್ತಿಸಿ ಕೊಯಮತ್ತೂರಿಗೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಅವರು ಕೇಳಿದ ಮೊದಲ ವಸ್ತು ಒಂದು ಸ್ಟೂಲು. ಅವರಿಗೆ ಸುಸ್ತಾಗಿರಬೇಕೆಂದು ಅಂಗಡಿಯವನು ಕೊಟ್ಟ. ಅತ್ತೆ ಅದನ್ನು ಒಂದು ಸಿಂಕಿನ ಮುಂದೆ ಎಳೆದುಕೊಂಡು ಕೂತು, ಎರಡೂ ಕೈ ಒಳಗಿಟ್ಟು, ಇಲ್ಲದ ಪಾತ್ರೆಯನ್ನು ಉಜ್ಜತೊಡಗಿದರು.

“ಪಾಟಿ, ಇದು ನಿಂತು ತೊಳೆಯೋದು” ಎಂದು ಅವನು ತಮಿಳಿನಲ್ಲಿ ಹೇಳಿ ನಕ್ಕ. ಪಾಟಿ ಎಂದರೆ ಅಜ್ಜಿ.

“ನಿಂತು ತೊಳೆಯೋರು ನಿಂತು ನೋಡ್ಲಿ. ನಾನು ಕುಂತು ನೋಡ್ತೀನಿ” ಎಂದು ಅತ್ತೆಯೂ ತಮಿಳಿನಲ್ಲೇ ಉತ್ತರ ಕೊಟ್ಟರು.

ಪಿಂಗಾಣಿಯದ್ದು ಬೇಡವಾಯಿತು, ನಮ್ಮ ಹಿತ್ತಾಳೆ ಕೊಡಪಾನ ಒಮ್ಮೆ ತಾಗಿದರೆ ಅದು ಸೀಳು ಬಿಡುತ್ತದೆ. ಎವರ್‌ಸಿಲ್ವರಿನ, ಅಂದರೆ ಸ್ಟೀಲಿನ, ಆಳವಾದದ್ದೂ ಬೇಡ. ಹೆಗಲವರೆಗೆ ಕೈ ಇಳಿಸಬೇಕು. ನಡುವೆ ತೂತು ಇರುವ ಯಾವುದೂ ಬೇಡ; ಕೆಳಗೆ ಬರುವ ಪೈಪು ಮಂಡಿಗೆ ಬಡಿಯುತ್ತದೆ. ಸ್ಟೂಲು ಅಂಗಡಿ ತುಂಬ ಸುತ್ತಿತು. ಬಂದ ಗಿರಾಕಿಗಳು ವ್ಯಾಪಾರ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು, ನನಗೆ ಪಿತ್ತ ನೆತ್ತಿಗೇರಿತು. ಕೊನೆಗೆ ಹಿಂದಿನ ಸಾಲಿನಲ್ಲಿ ಧೂಳು ಹಿಡಿದಿದ್ದ ಒಂದು ಅಗಲವಾದ, ಆಳ ಕಡಿಮೆಯ ಎವರ್‌ಸಿಲ್ವರ್ ಸಿಂಕು ಸಿಕ್ಕಿತು. ತೂತು ಹಿಂಬದಿಯ ಮೂಲೆಯಲ್ಲಿತ್ತು. ಅತ್ತೆಯ ಮುಖ ಅರಳಿತು.

“ಇದನ್ನ ಮೊಳದೆತ್ತರ ಇಟ್ಟರೆ ಸಾಕು” ಅಂದರು.

“ಹಾಗಾದ್ರೆ ನಾನು ಬಗ್ಗಿ ಬಗ್ಗಿ ಸಾಯ್ಬೇಕಾ?” ಎಂದು ಅಂಗಡಿಯಲ್ಲೇ ಸಿಡುಕಿದೆ. ಅತ್ತೆ ದುಡ್ಡು ಎಣಿಸಿ ಕೊಟ್ಟು ಸಿಂಕು ಕಟ್ಟಿಸಿಕೊಂಡರು.

ಮನೆಗೆ ಬಂದವರೇ ನನ್ನನ್ನು ಮಗ್ಗದ ಹತ್ತಿರ ಕರೆದರು. “ಇಳಿ ಅಮ್ಮಿಣಿ.” ಅಮ್ಮಿಣಿ ಎಂಬುದು ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ಮುಖ ಊದಿಸಿಕೊಂಡೇ ಗುಂಡಿಗೆ ಇಳಿದು ನಿಂತೆ. ನೇಯ್ದ ಬಟ್ಟೆ ನನ್ನ ಸೊಂಟದ ಮಟ್ಟಕ್ಕೆ ಬಂತು. ಅತ್ತೆ ಪಕ್ಕದಲ್ಲೇ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟರು. ಅದೇ ಬಟ್ಟೆ ಅವರ ಕೈಯ ಮಟ್ಟಕ್ಕಿತ್ತು.

“ನಿಂತ್ಕಂಡು ತೊಳೆಯೋಳಿಗೆ ಒಂದು, ಕುಂತ್ಕಂಡು ತೊಳೆಯೋಳಿಗೆ ಒಂದಾ? ಮನೆ ಒಂದೇ, ಒಂದೇ ಸಾಕು. ನಿನ್ನ ತಲೆಗೂ ಅಟ್ಟ ಬಡಿಯಲ್ಲ.”

ಇಷ್ಟು ಹೊತ್ತೂ ಅವರು ತಮ್ಮ ಮಂಡಿಯ ಜೊತೆಗೆ ನನ್ನ ಹಣೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಮಗ್ಗದ ಮುಂದೆ ಹುಟ್ಟಿ ಬೆಳೆದವರಿಗಲ್ಲದೆ ಇನ್ಯಾರಿಗೆ ಹೊಳೆದೀತು, ಸಿಂಕನ್ನು ಎತ್ತರಿಸುವ ಬದಲು ನೆಲವನ್ನು ಇಳಿಸುವುದು!

ಅಡುಗೆಮನೆಯ ಮೂಲೆಯಲ್ಲಿ, ಗೋಡೆಯ ಬುಡ ಬಿಟ್ಟು, ಮಗ್ಗದ ಗುಂಡಿಯ ಅಳತೆಗೇ ಗುಂಡಿ ತೆಗೆಸಿದೆವು. ತಳಕ್ಕೆ ಕಲ್ಲು ಹಾಸಿ, ಇಳಿಯಲು ಮೆಟ್ಟಿಲು ಇಟ್ಟು, ಬಿದ್ದ ನೀರು ತಗ್ಗಿನ ಹಿತ್ತಲಿಗೆ ಹರಿಯುವಂತೆ ಮಾಡಿದ್ದಾಯಿತು. ಸಿಂಕು ಗೋಡೆಯ ಹಂಗಿಲ್ಲದೆ ಎರಡು ಕಲ್ಲುಚಪ್ಪಡಿಗಳ ಮೇಲೆ ಕೂತಿತು. ಕೆಲಸವಿಲ್ಲದಾಗ ಗುಂಡಿಗೆ ಹಲಗೆ ಮುಚ್ಚುತ್ತಿದ್ದೆವು. ಬೀದಿಯ ಹೆಂಗಸರೆಲ್ಲ ನೋಡಲು ಬಂದರು.

“ಏನಕ್ಕ, ಅಡುಗೆಮನೆಲೂ ಮಗ್ಗ ಹೂಡಿದ್ಯಾ?”

“ಹೂಂ. ಸೀರೆ ಬೇಕಾ, ಸಾರು ಬೇಕಾ, ಹೇಳು” ಅಂದರು ಅತ್ತೆ.

ಮೊದಲ ದಿನ ಅವರು ಅಂಚಿನಲ್ಲಿ ಕೂತು ಮನೆಯಲ್ಲಿದ್ದಬದ್ದ ಪಾತ್ರೆಯನ್ನೆಲ್ಲ ತೊಳೆದರು. ಅಟ್ಟದ ಮೇಲೆ ಸುಮ್ಮನೆ ಮಲಗಿದ್ದ ಹಂಡೆಯನ್ನೂ ನನ್ನಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿದರು. ಸಾಕು ಎಂದು ನಾನು ಹೇಳಲಿಲ್ಲ.

ಮಧ್ಯಾಹ್ನ ಅವರು ಕಾಲು ಚಾಚಿ ಊಟಕ್ಕೆ ಕೂತಾಗ ಎಂದಿನಂತೆ ಬಾಳೆಎಲೆಯ ತುಂಡು ಹಾಕಿದೆ. ಮಂಡಿ ಹಿಡಿದಾಗಿನಿಂದ ಅವರ ಊಟ ಎಲೆಯಲ್ಲೇ. ಎಲೆಯಲ್ಲಿ ಉಂಡರೆ ಅನ್ನ ರುಚಿ ಎನ್ನುತ್ತಿದ್ದರು, ನಾನೂ ನಂಬಿದ್ದೆ. ಅಂದು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟರು.

“ನನ್ನ ತಟ್ಟೆ ಕೊಡು ಅಮ್ಮಿಣಿ. ಇನ್ಮೇಲೆ ನಾನೇ ತೊಳ್ಕಂತೀನಲ್ಲ.”

ತಟ್ಟೆ ತರಲು ಅತ್ತ ತಿರುಗಿದವಳು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರು ಅಂದು ಎರಡನೇ ಸಲವೂ ಅನ್ನ ಹಾಕಿಸಿಕೊಂಡರು.