ಬಲಗಣ್ಣಿನ ನೀರು

ಅವರಿಗೆ ಬಲಗಣ್ಣಿನಲ್ಲಿ ಮಾತ್ರ ನೀರು ಬರುತ್ತಿತ್ತು. ಕಣ್ಣೀರಿನ ನಾಳ ಕಟ್ಟಿಕೊಂಡಿದೆ, ಸಣ್ಣ ಆಪರೇಷನ್, ಮಧ್ಯಾಹ್ನದೊಳಗೆ ಮನೆಗೆ ಹೋಗಬಹುದು ಎಂದು ಘಟಪ್ರಭಾದ ವೈದ್ಯರು ಹೇಳಿದ್ದರು. ಅವರು ಮಾಡಿಸಿಕೊಳ್ಳಲಿಲ್ಲ. ಗಾಳಿ ಬೀಸಿದರೆ, ಬಿಸಿಲು ಬಿದ್ದರೆ, ಸ್ವಲ್ಪ ಜೋರಾಗಿ ಮಾತಾಡಿದರೆ ಆ ಕಣ್ಣು ತುಂಬಿ ಕೆನ್ನೆಯ ಮೇಲೆ ಒಂದು ಗೆರೆ ಇಳಿಯುತ್ತಿತ್ತು. ವೇದಿಕೆಯ ಮೇಲೆ ಅವರು ಯಾವಾಗಲೂ ಮೈಕಿಗೆ ಕೊಂಚ ಓರೆಯಾಗಿ, ಬಲಗೆನ್ನೆ ಜನರ ಕಡೆಗೆ ಇರುವಂತೆ ನಿಲ್ಲುತ್ತಿದ್ದರು. ಎಡಗಣ್ಣು ಒಣಗಿಯೇ ಇರುತ್ತಿತ್ತು. ಅದು ಮಂದಿಯನ್ನು ಅಳೆಯುತ್ತಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕುಗಳಲ್ಲಿ ಅವರ ಭಾಷಣ ಕೇಳದ ಊರು ಕಡಿಮೆ. ಅವರು ಯಾವ ಚುನಾವಣೆಗೂ ನಿಂತವರಲ್ಲ. ನಿಂತವರು ಬರುವ ಮೊದಲು ಜನರನ್ನು ಹದಕ್ಕೆ ತರುವುದು ಅವರ ಕೆಲಸ. ಪಕ್ಷ ಬದಲಾದಂತೆ ಹೆಗಲ ಮೇಲಿನ ಶಾಲು ಬದಲಾಗುತ್ತಿತ್ತು, ಭಾಷಣ ಬದಲಾಗುತ್ತಿರಲಿಲ್ಲ. ಊರವರು ಅವರನ್ನು ಭಾಷಣದಣ್ಣ ಎನ್ನುತ್ತಿದ್ದರು. ನಾನು ಭಾಷಣಕಾರರು ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೊಡಲು ಮನಸ್ಸಿಲ್ಲ, ಕಡಿಮೆ ಕೊಟ್ಟು ಅಭ್ಯಾಸವಿಲ್ಲ.

ಕೊಣ್ಣೂರಿನಿಂದ ಒಂದಿಷ್ಟು ಮುಂದೆ, ಹೊಳೆಯ ಆಚೆ ದಂಡೆಯಲ್ಲಿ ನಮ್ಮ ಊರು. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಸೀಟಿ ಊದಿದರೆ ಸಾಲು, ಇನ್ನೊಮ್ಮೆ ಊದಿದರೆ ಮೌನ. ದನಿ ದೊಡ್ಡದು, ಹೇಳಿದ ಹೊತ್ತಿಗೆ ಬರುತ್ತೇನೆ ಎಂಬ ಎರಡು ಕಾರಣಕ್ಕೆ ಊರಿನ ಸಭೆಗಳ ನಿರೂಪಣೆ ನನ್ನ ಪಾಲಿಗೆ ಬಂತು. ಭಾಷಣಕಾರರ ಮನೆ ನಮ್ಮ ಹಿಂದಿನ ಓಣಿ. ಹೀಗಾಗಿ ಅವರ ಕಸಬನ್ನು ನಾನು ಹತ್ತಿರದಿಂದ, ವೇದಿಕೆಯ ಹಿಂಬದಿಯಿಂದ ನೋಡಿದೆ.

ಸಭೆಗೆ ಬಂದವರೇ ಅವರು ಮೊದಲು ಹೋಗುತ್ತಿದ್ದುದು ಅಡಿಗೆಯ ಕಡೆಗೆ. ಗಾಳಿ ಎತ್ತ ಬೀಸುತ್ತಿದೆ ಎಂದು ಪಂಜೆಯ ಚುಂಗು ಎತ್ತಿ ನೋಡುತ್ತಿದ್ದರು.

"ಹುಗ್ಗಿ ಕೊಪ್ಪರಗಿ ಮುಚ್ಚಳ ನಾ ಮುಗಿಸೂತನಕಾ ತಗೀಬ್ಯಾಡ್ರಿ. ವಾಸನಿ ಮೂಗಿಗಿ ಹೋತಂದ್ರ ಮುಂದ ಯಾಂವ ಮಾತಾಡಿದರೂ ಅದು ಕ್ವಾಣದ ಮುಂದ ಮಾತಾಡಿದಂಗ."

ಆಮೇಲೆ ಕುರ್ಚಿ. "ಅರ್ಧ ಕುರ್ಚಿ ಒಳಗಿಡಸ್ರಿ ಸರ್. ಕುಂತಾಂವ ಆಕಳಸ್ತಾನ, ನಿಂತಾಂವ ಚಪ್ಪಾಳಿ ಹೊಡೀತಾನ." ಆಮೇಲೆ ಹೆಸರು. ಆ ಊರಿನ ಯಾರಾದರೊಬ್ಬ ಮುದುಕನ ಹೆಸರು, ಅವನ ಎತ್ತಿನ ಹೆಸರು ಕೇಳಿಟ್ಟುಕೊಳ್ಳುತ್ತಿದ್ದರು. ಭಾಷಣದ ನಡುವೆ ಥಟ್ಟನೆ ನಿಲ್ಲಿಸಿ, "ಏ ಸಿದ್ಲಿಂಗ ಕಾಕಾ, ಆ ಮಾಸ ಎತ್ತು ಮೇವು ತಿನ್ನಾಕತ್ತೇತೇನೋ?" ಎಂದು ಕೇಳಿದರೆ ಆ ಊರೇ ಅವರದು. ಕಾಕಾ ಸಾಯುವತನಕ ಆ ಮಾತನ್ನು ಹೇಳಿಕೊಂಡು ತಿರುಗುತ್ತಿದ್ದ.

ನಾನು ಇದನ್ನೆಲ್ಲ ಜಾಣತನ ಎಂದುಕೊಂಡಿರಲಿಲ್ಲ, ಹುಸಿ ಎಂದುಕೊಂಡಿದ್ದೆ. ಆದರೂ ಸಹಿಸಿಕೊಂಡಿದ್ದೆ. ಅವರ ನಂತರ ಮಾತಾಡಲು ಬರುವ ದೊಡ್ಡವರು ಹಾಳೆ ನೋಡಿ ಯೋಜನೆಗಳ ಹೆಸರು ಓದುತ್ತಿದ್ದರು, ಜನ ಕಾಲು ಕೆದರುತ್ತಿದ್ದರು. ಅದಕ್ಕಿಂತ ಇವರು ವಾಸಿ ಎನಿಸುತ್ತಿತ್ತು.

ನಮ್ಮ ಊರಿಗೆ ಒಂದು ತಗ್ಗಿನ ಸೇತುವೆ ಇತ್ತು. ಹೊಳೆ ಬಂದರೆ ಅದು ನೀರಿನೊಳಗೆ. ಆಗ ಘಟಪ್ರಭಾದ ಆಸ್ಪತ್ರೆಗೆ ಹೋಗಬೇಕಾದರೆ ಊರೂರು ಸುತ್ತಿಕೊಂಡು ಹೋಗಬೇಕು. ಎತ್ತರದ ಸೇತುವೆ ಬೇಕು ಎಂಬುದು ನಮ್ಮ ತಲೆಮಾರಿನ ಬೇಡಿಕೆ. ಭಾಷಣಕಾರರು ಅದರ ಮೇಲೆ ಎಷ್ಟು ಸಲ ಮಾತಾಡಿದರೋ! ಜನ ಸಿಟ್ಟಿನಿಂದ ಬರುತ್ತಿದ್ದರು, ಇವರ ಭಾಷಣ ಕೇಳಿ ಅತ್ತು, ಹಗುರಾಗಿ, ಹುಗ್ಗಿ ಉಂಡು ಮನೆಗೆ ಹೋಗುತ್ತಿದ್ದರು. ಕೇಳಬೇಕಾದ್ದು ಕೇಳದೆಯೇ ಉಳಿಯುತ್ತಿತ್ತು. ಭಾಷಣ ಗೆಲ್ಲುತ್ತಿತ್ತು, ಸೇತುವೆ ಇದ್ದಲ್ಲೇ ಇತ್ತು.

ಒಂದು ಮಳೆಗಾಲದ ಸಂಜೆ ನನ್ನ ಹೆಂಡತಿಗೆ ಎದೆನೋವು ಬಂತು. ಹೊಳೆ ತುಂಬಿತ್ತು. ಬಾಜೂ ಮನೆಯ ಪಾರವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಹಿಂದೆ ಕುಳಿತಳು, ನಾನು ಡ್ರೈವರನ ಪಕ್ಕ. ಸುತ್ತುದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ಎಲ್ಲಿಯೋ ಅವಳು ಕಣ್ಣು ತೆರೆದು, "ಹಾಲಿಗಿ ಹೆಪ್ಪ ಹಾಕೂದ ಉಳೀತ್ರಿ" ಎಂದಳು. ಅಷ್ಟೇ. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಎಲ್ಲ ಮುಗಿದಿತ್ತು. ಮರುದಿನ ಮನೆಗೆ ಬಂದಾಗ ಒಲೆಯ ಪಕ್ಕದ ಪಾತ್ರೆಯಲ್ಲಿ ಹಾಲು ತಾನೇ ಒಡೆದು ಕುಳಿತಿತ್ತು.

ಭಾಷಣಕಾರರು ಮಾತಾಡಿಸಲು ಬಂದರು. ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತು ನನ್ನ ಕೈ ಹಿಡಿದುಕೊಂಡರು. "ಕಡೀಕ ಏನರೆ ಅಂದ್ರೇನ್ರಿ ವೈನಿ?" ಎಂದು ಕೇಳಿದರು. ಹೇಳಿದೆ. ಹಾಲು ಒಡೆದದ್ದನ್ನೂ ಹೇಳಿದೆ. ಅವರು ಹಿಡಿದ ಕೈ ಬಿಡಲೇ ಇಲ್ಲ. ಮನುಷ್ಯ ಒಳ್ಳೆಯವನೇ ಇರಬೇಕು ಎಂದುಕೊಂಡೆ.

ಮುಂದೆ ಚುನಾವಣೆಯ ಹವಾ ಬಂತು. ಒಂದು ದಿನ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು. "ಮೂಡಲಗಿಗಿ ಹೊಂಟೇನಿ, ಬರ್ರಿ ಸರ್. ಮನ್ಯಾಗ ಒಬ್ರ ಕುಂತ ಗ್ವಾಡಿ ನೋಡೂದಕ್ಕಿಂತ ಗಾಳಿ ಬಡೀತೈತಿ." ಹೋದೆ. ನನ್ನನ್ನು ವೇದಿಕೆಯ ಮೇಲೆ ಕೊನೆಯ ಕುರ್ಚಿಯಲ್ಲಿ ಕೂರಿಸಿದರು. ಯಾಕೆ ಎಂದು ಕೇಳಬೇಕಿತ್ತು.

ಅವರು ಎದ್ದು ನಿಂತರು. ಲೋಟದ ನೀರು ಕುಡಿದರು. ಮೈದಾನ ಗಪ್ಪಾಗುವತನಕ ಕಾದರು. ಆಮೇಲೆ ಕೆಳದನಿಯಲ್ಲಿ ಒಬ್ಬ ತಾಯಿಯ ಕಥೆ ಶುರು ಮಾಡಿದರು. ಮಳೆ, ತುಂಬಿದ ಹೊಳೆ, ಮುಳುಗಿದ ಸೇತುವೆ. ನಾನು ನನ್ನ ಮಂಡಿಗಳನ್ನು ನೋಡುತ್ತ ಕುಳಿತಿದ್ದೆ.

"ಆ ತಾಯಿ ಕಡೀ ಮಾತ ಏನಂದ್ಲು ಗೊತ್ತೈತೇನ್ರಿ? 'ನಾ ಸತ್ತರ ಸಾಯ್ತೇನಿ, ನನ್ನ ಊರ ಮಂದೀಗಿ ಬ್ರಿಜ್ ಮಾಡಸ್ರಿ' ಅಂದ್ಲು! ಆ ತಾಯೀ ಗಂಡ ಇಲ್ಲೇ ಕುಂತಾರ. ಸರ್, ಎದ್ದ ನಿಲ್ರಿ!"

ಕೆಲಸ ಹಿಡಿದ ದಿನದಿಂದ ನಿವೃತ್ತನಾಗುವತನಕ ಮಕ್ಕಳಿಗೆ ಎದ್ದು ನಿಲ್ಲಲು ಹೇಳಿದವನು ನಾನು. ಆಜ್ಞೆ ಕಿವಿಗೆ ಬಿದ್ದ ಕೂಡಲೇ ಮೈ ತಾನಾಗಿ ಎದ್ದು ನಿಂತಿತು, ಬೆನ್ನು ನೆಟ್ಟಗೆ, ಕೈ ಪಕ್ಕಕ್ಕೆ. ಸೀರೆಯ ಸೆರಗುಗಳು ಕಣ್ಣಿಗೆ ಹೋದವು. ಚಪ್ಪಾಳೆಯೂ ಬಿತ್ತು. ಹೆಂಡತಿಯ ಸಾವಿಗೆ ಚಪ್ಪಾಳೆ ಬಿದ್ದದ್ದನ್ನು ಕೇಳಿದ ಗಂಡಸರು ಹೆಚ್ಚು ಇರಲಿಕ್ಕಿಲ್ಲ.

ಮರಳುವಾಗ ಚಹಾಕ್ಕೆಂದು ಕಾರು ನಿಲ್ಲಿಸಿದರು. ನಾನು ಹೇಳಿದೆ, "ಆಕಿ ಹಂಗ ಅಂದಿರಲಿಲ್ಲ."

"ಗೊತ್ತೈತ್ರಿ ಸರ್." ಅವರು ಕಪ್ಪಿನ ಚಹಾ ಬಸಿಗೆ ಸುರಿದು ಊದಿದರು. "ಹೆಪ್ಪ ಅಂದ್ರ ಮಂದಿ ಮಾರಿ ಮಾರಿ ನೋಡ್ಕೋತಾರ. ಒಬ್ಬಿಬ್ರು ನಗತಾರ. ಬ್ರಿಜ್ ಅಂದ್ರ ಅಳತಾರ. ನಮಗ ಬೇಕಾದ್ದು ಬ್ರಿಜ್ ಹೌದಲ್ರಿ?"

"ನನಗ ಕೇಳಬೇಕಾಗಿತ್ತು."

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ."

ಅದು ನಿಜವೇ. ಚಹಾ ಅಲ್ಲೇ ಬಿಟ್ಟು ಬಸ್ಸು ಹಿಡಿದು ಊರಿಗೆ ಬಂದೆ. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ.

ಚುನಾವಣೆ ಮುಗಿದು, ಗೆದ್ದ ಸಾಹೇಬರು ನಮ್ಮ ಊರಿಗೆ ಬರುವುದು ಗೊತ್ತಾಯಿತು. ಸೇತುವೆಯನ್ನು ಎದುರೆದುರೇ ಕೇಳಲು ಅದೊಂದೇ ಅವಕಾಶ, ಮತ್ತೆ ಸಿಗುತ್ತದೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ನಿರೂಪಣೆ ಬೇಡವೆನ್ನಲು ಮನಸ್ಸಾಗಿತ್ತು, ಊರಿನ ಕೆಲಸವೆಂದು ಒಪ್ಪಿಕೊಂಡೆ. ಭಾಷಣಕಾರರನ್ನು ಹೆಸರು ಹಿಡಿದು ಕರೆದೆ, ಮೈಕು ಬಿಟ್ಟುಕೊಟ್ಟು ಪಕ್ಕಕ್ಕೆ ನಿಂತೆ.

ಅವರು ಅದೇ ಕಥೆ ತೆಗೆದರು. ನಮ್ಮ ಊರಲ್ಲಿ, ಅವಳ ಕೈಯಿಂದ ಮಜ್ಜಿಗೆ ಇಸಿದುಕೊಂಡು ಹೋದ ಹೆಂಗಸರ ಮುಂದೆ! ಮೂರು ತಾಲೂಕು ತಿರುಗಿದ ಮನುಷ್ಯನಿಗೆ ಅಷ್ಟು ಹೊಳೆಯಲಿಲ್ಲ. ಪ್ರತಿ ಊರಲ್ಲಿ ಹೆಸರು ಕೇಳಿಟ್ಟುಕೊಳ್ಳುತ್ತಿದ್ದವರು, ತಮ್ಮ ಊರಲ್ಲಿ ಕೇಳುವುದೇನಿದೆ ಎಂದುಕೊಂಡಿರಬೇಕು.

ಭಾಷಣ ಸಾಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಮೊದಲು ಬಳೆಗಳ ಸಪ್ಪಳ ಕೇಳಿಸುತ್ತದೆ, ಆಮೇಲೆ ಕೆಮ್ಮು, ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಧೂಳು ಝಾಡಿಸಿ ಏಳುತ್ತಾರೆ. ಅಂದು ಇದೊಂದೂ ಆಗಲಿಲ್ಲ. ಬರೀ ಮೌನ, ಒಳ್ಳೆಯದಲ್ಲದ ಮೌನ. ಬಲಗಣ್ಣಿನಿಂದ ನೀರು ಇಳಿಯಿತು, ಒಬ್ಬರೂ ಸೆರಗು ಎತ್ತಲಿಲ್ಲ. ಎಡಗಣ್ಣು ಅತ್ತಿತ್ತ ಓಡಾಡಿತು.

ಜಮಖಾನದ ಮೇಲಿಂದ ಪಾರವ್ವ ಎದ್ದು ನಿಂತಳು.

"ಯಣ್ಣಾ, ಆಕಿ ಹಂಗ ಅಂದಿಲ್ಲೋ. ಆಕಿ ತಲಿ ನನ್ನ ತೊಡಿ ಮ್ಯಾಲಿತ್ತು. ಹಾಲಿಗಿ ಹೆಪ್ಪ ಹಾಕೂದ ಉಳೀತು ಅಂದ್ಲು. ಅಷ್ಟ ಅಂದ್ಲು."

"ಕುಂದರಬೇ," ಎಂದು ವೇದಿಕೆಯಿಂದ ಯಾರೋ ಗದರಿಸಿದರು.

"ಯಾಕ ಕುಂದರಲಿ? ಸಾಯೂಮುಂದ ಆಕಿಗಿ ಬ್ರಿಜ್ ನೆನಪ ಇರಲಿಲ್ಲ. ನೆನಪ ಇಟ್ಕೊಳ್ಳೂದು ನಿಮ್ಮ ಕೆಲಸ ಐತಿ, ಆಕೀದಲ್ಲ."

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಒಬ್ಬಳು ಹೆರಿಗೆ ನೋವಿನ ಮಗಳನ್ನು ಸುತ್ತುದಾರಿಯಲ್ಲಿ ಒಯ್ದದ್ದನ್ನು ಹೇಳಿದಳು, ಇನ್ನೊಬ್ಬಳು ಹೊಳೆಯಿಂದಾಗಿ ಸಾಲಿ ಬಿಟ್ಟ ಮಗಳ ಮಾತು ಹೇಳಿದಳು. ಯಾರೂ ಅಳಲಿಲ್ಲ. ಅಳದಿದ್ದುದರಿಂದಲೇ ಇರಬೇಕು, ಅಂದು ಕೇಳಬೇಕಾದ್ದು ಕೇಳದೆ ಉಳಿಯಲಿಲ್ಲ. ಸಾಹೇಬರು ಎರಡು ಸಲ ಏಳಲು ನೋಡಿದರು, ಆಗಲಿಲ್ಲ. "ನೋಡೂಣು, ಮಾಡೂಣು" ಎಂದು ಹೇಳಿ ಊಟ ಮಾಡದೆ ಹೋದರು. ಭಾಷಣಕಾರರು ವೇದಿಕೆಯ ಮೂಲೆಯಲ್ಲಿ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತ ಕುಳಿತಿದ್ದರು. ಅವರು ಅದನ್ನು ಒರೆಸಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಸಂತೋಷವಾಯಿತು, ಮುಚ್ಚಿಡುವುದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಈ ಮನುಷ್ಯನ ಬಗ್ಗೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಬೆಳಿಗ್ಗೆ ನಾನು ಅಂಗಳದಲ್ಲಿ ವ್ಯಾಯಾಮ ಮಾಡುತ್ತಿದ್ದೆ. ಕಂಪೌಂಡಿನ ಆಚೆಯಿಂದ ಅವರ ದನಿ ಬಂತು, ಮಾತು ಬಿಟ್ಟದ್ದನ್ನು ಮರೆತವರಂತೆ.

"ಸರ್! ಹುಕ್ಕೇರ್ಯಾಗ ಹೆಪ್ಪು ನಡೀತ್ರಿ! ಏನ ಅತ್ತಾರ್ರಿ ಮಂದಿ! ಪಾರವ್ವ ಹೇಳಿದಂಗ ಹೇಳಿದೆ ನೋಡ್ರಿ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಒಡದ ಹಾಲಿಂದೂ ಹೇಳಿದೆ. ನಮ್ಮ ಸಾಹೇಬ್ರು ಎದ್ದ ಬಂದ್ರು. ಅಲ್ಲೇ ಮೈಕಿನ್ಯಾಗ ಬ್ರಿಜ್ ಮಂಜೂರ ಅಂತ ಹೇಳೇಬಿಟ್ರು!"

ಸಿಕ್ಸರ್ ಹೊಡೆದ ಹುಡುಗನ ಮುಖ ಅದು. ಬಲಗಣ್ಣು ಒದ್ದೆ, ಎಡಗಣ್ಣಿನಲ್ಲಿ ಹೊಳಪು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸೇತುವೆ ಆಯಿತು. ಎತ್ತರವಾಗಿದೆ, ಹೊಳೆ ಬಂದರೂ ಮುಳುಗುವುದಿಲ್ಲ. ಪಾರವ್ವನ ಮೊಮ್ಮಗಳು ಸೈಕಲ್ಲಿನ ಮೇಲೆ ಅದನ್ನು ದಾಟಿ ಸಾಲಿಗೆ ಹೋಗುತ್ತಾಳೆ. ನಾನು ದಿನಾ ನಸುಕಿನಲ್ಲಿ ಅದರ ಆ ತುದಿಯವರೆಗೆ ನಡೆದು ಮರಳುತ್ತೇನೆ. ನನ್ನ ಸಿಟ್ಟು ಒಂದು ದಿನವೂ ತಪ್ಪಿಸಿಕೊಂಡಿಲ್ಲ, ನನ್ನ ಹಾಗೆಯೇ ಅದಕ್ಕೂ ಶಿಸ್ತು ಇದೆ. ಸುಳ್ಳು ಹೇಳಿದಾಗ ಅವರು ನನ್ನ ಹೆಂಡತಿಯ ಸಾವನ್ನಷ್ಟೇ ಕದ್ದಿದ್ದರು. ನಿಜ ಹೇಳಿದಾಗ ಅವಳ ಮಾತನ್ನೂ ಕದ್ದರು. ಆ ಕಳವಿನ ಮೇಲೆಯೇ ಊರು ಹೊಳೆ ದಾಟುತ್ತಿದೆ, ನಾನೂ ದಾಟುತ್ತಿದ್ದೇನೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯ ನಿರೂಪಣೆಗೆ ನನ್ನನ್ನೇ ಕರೆದರು, ಹೇಳಿದ ಹೊತ್ತಿಗೆ ಹೋದೆ. ಮೂರು ತಾಲೂಕುಗಳಿಂದ ಮಾತುಗಾರರು ಬಂದಿದ್ದರು. "ಸಾಯುವ ಮುನ್ನ ಅಣ್ಣ ನನ್ನ ಜನ, ನನ್ನ ಜನ ಎಂದರು" ಎಂದು ಒಬ್ಬರು ಹೇಳಿದರು. "ಬಡವರ ಕೈ ಬಿಡಬೇಡಿ ಎಂದರು" ಎಂದರು ಇನ್ನೊಬ್ಬರು. ಮೂರನೆಯವರು ಪಕ್ಷದ ಹೆಸರನ್ನೇ ಅವರ ಬಾಯಿಗೆ ಹಾಕಿದರು.

ಭಾಷಣಕಾರರ ಹೆಂಡತಿ ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಹತ್ತಿರ ಹೋದಾಗ ತಲೆ ಎತ್ತದೆ, "ಸರ್, ಇವ್ರು ಹೇಳೂದು ಯಾವುದೂ ಅಂದಿಲ್ರಿ ಅವ್ರು" ಎಂದರು.

"ಏನಂದ್ರು ತಂಗಿ?"

ಹೇಳಿದರು. ಸಣ್ಣ ಮಾತು, ಮನೆಯೊಳಗಿನ ಮಾತು. ನನ್ನ ಕೈಯಲ್ಲಿ ಮೈಕು ಇತ್ತು. ಮೈದಾನ ತುಂಬಿತ್ತು, ಕುರ್ಚಿಗಳು ಕಡಿಮೆ ಇದ್ದವು, ಊಟದ ಕೊಪ್ಪರಿಗೆಗಳ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಮಂದ್ಯಾಗ ಹೇಳಲೇನವಾ?" ಎಂದು ಕೇಳಿದೆ.

ಅವರು ತಲೆ ಎತ್ತಿ, "ಬ್ಯಾಡ್ರಿ ಸರ್. ಅದ ನನಗ ಇರಲಿ" ಎಂದರು.

ನಾನು ಮೈಕಿನ ಮುಂದೆ ಹೋಗಿ, ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕೆಂದು ಹೇಳಿ, ಸಭೆ ಮುಗಿಸಿದೆ. ಆ ಮಾತು ಹೇಳಿದ್ದರೆ ಇಡೀ ಮೈದಾನ ಅಳುತ್ತಿತ್ತು. ಅದು ನನಗೆ ಖಚಿತವಾಗಿ ಗೊತ್ತಿತ್ತು, ಯಾಕೆಂದರೆ ಅದನ್ನು ನಾನು ಭಾಷಣಕಾರರಿಂದಲೇ ಕಲಿತಿದ್ದೆ.