ಜಾತಕದ ಫ್ಲಾಪಿ ಹಾಕಿದ ಬೀಗ

ಜ್ಞಾನವನ್ನು ಕಾಪಾಡುವುದು ನಾಗರಿಕ ಸಮಾಜದ ಪರಮ ಕರ್ತವ್ಯ. ಎಂಬತ್ತರ ದಶಕದ ಕೊನೆಗೆ ಸಾಗರದ ನಮ್ಮ ಕಾಲೇಜಿನಲ್ಲಿ ಈ ಕರ್ತವ್ಯ ನನ್ನ ಪಾಲಿಗೆ ಬಂತು. ಕಾರಣ ಇಷ್ಟೇ, ಕಂಪ್ಯೂಟರ್ ಕೋಣೆಯ ಬೀಗದ ಕೈ ನನ್ನ ಹತ್ತಿರ ಇತ್ತು. ಇದ್ದದ್ದು ಒಂದೇ ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ನಿಯಮ ಮಾಡಿದ್ದೆವು. ಚಪ್ಪಲಿ ಹಾಕಿಕೊಳ್ಳದೆ ಬರುವ ಅಪಾಯಗಳ ಬಗ್ಗೆ ಯೋಚಿಸಿರಲಿಲ್ಲ.

ಆ ಯಂತ್ರವನ್ನು ನಿಜವಾಗಿ ದುಡಿಸಿಕೊಂಡವರು ಸಸ್ಯಶಾಸ್ತ್ರದ ಸುಬ್ರಾಯ ಭಟ್ಟರು. ನಿಟ್ಟೂರು, ಬ್ಯಾಕೋಡು ಕಡೆಯ ನಾಟಿ ವೈದ್ಯರ ಮನೆಗಳಿಗೆ ಹೋಗಿ, ಯಾವ ಗಿಡ ಯಾವ ಕಾಯಿಲೆಗೆ ಎಂದು ವರ್ಷಗಟ್ಟಲೆ ಕೇಳಿ ಬರೆದುಕೊಂಡಿದ್ದರು. ಹೇಳಿದವರಲ್ಲಿ ಎಷ್ಟೋ ಮಂದಿ ಆಗಲೇ ತೀರಿಕೊಂಡಿದ್ದರು. ಅದನ್ನೆಲ್ಲ ಭಟ್ಟರೇ ಕೂತು ಟೈಪ್ ಮಾಡಿದರು. ಟೈಪ್ ಆದ ಹಾಳೆಗಳನ್ನು ಮನೆಗೆ ಒಯ್ದು ಬಚ್ಚಲ ಒಲೆಗೆ ಹಾಕಿದರು. ಮಳೆಗಾಲದ ಹಸಿ ಸೌದೆ ಹೊತ್ತಿಸಲು ಒಣ ಕಾಗದ ಸಿಗುವುದು ಕಷ್ಟ. “ಕಂಪ್ಯೂಟರಿಗೆ ಹೋದ್ಮೇಲೆ ಕಾಗ್ದ ಎಂತಕ್ಕೆ ಮಾರಾಯ್ರೆ?” ಎಂದಿದ್ದರು.

ನನಗೆ ಅಷ್ಟು ಭಕ್ತಿ ಇರಲಿಲ್ಲ. ಆಗಿನ ತೆಳ್ಳನೆಯ ಚೌಕ ಡಿಸ್ಕು, ಅಂದರೆ ಫ್ಲಾಪಿಯಲ್ಲಿ, ಎರಡು ನಕಲು ಮಾಡಿಸಿದ್ದೆ. ಒಂದು ನಮ್ಮ ಕೋಣೆಯಲ್ಲೇ. ಇನ್ನೊಂದು ತೀರ್ಥಹಳ್ಳಿಯಲ್ಲಿ, ಭಟ್ಟರ ಭಾವನ ಫೋಟೋ ಸ್ಟುಡಿಯೋದಲ್ಲಿ. ಅಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಮಳೆಗಾಲವಿಡೀ ಬಲ್ಬು ಉರಿಯುತ್ತಿತ್ತು. ಫ್ಲಾಪಿಗೂ ಅಲ್ಲೇ ಆಶ್ರಯ. ತಿಂಗಳಿಗೊಮ್ಮೆ ಹೊಸ ನಕಲನ್ನು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದೆವು.

ಹೀಗಿರುವಾಗ ಪ್ರಿನ್ಸಿಪಾಲ್ ಗೌಡರಿಗೆ ಯಾರೋ ಜಾತಕ ಬರೆಯುವ ಫ್ಲಾಪಿ ಕೊಟ್ಟರು. ಮಗಳ ಜಾತಕದಿಂದ ಶುರುವಾಗಿ, ಸ್ವಲ್ಪ ದಿನದಲ್ಲೇ ಇಡೀ ಸ್ಟಾಫಿನ ಭವಿಷ್ಯ ತೆರೆಯ ಮೇಲೆ ಮೂಡಿತು. ಒಂದು ಬೆಳಿಗ್ಗೆ ಮಾತ್ರ ಬಂದದ್ದು ಬೇರೆ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಈ ಪೋಸ್ಟ್ ಬಾಕ್ಸಿಗೆ ಹಣ ಕಳಿಸಿದರೆ ಕೀ ಕೊಡುತ್ತೇವೆ. ಈ ಸಂಗತಿ ಯಾರ ಜಾತಕದಲ್ಲೂ ಬಂದಿರಲಿಲ್ಲ.

ಇದಕ್ಕೆ ಈಗ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಫೈಲು ಎಲ್ಲಿಗೂ ಹೋಗುವುದಿಲ್ಲ. ಅದರ ಅಕ್ಷರಗಳನ್ನು ಒಂದು ಗುಟ್ಟಿನ ಲೆಕ್ಕದಂತೆ ಬದಲಿಸಿರುತ್ತಾರೆ. ಆ ಲೆಕ್ಕದ ಕೀ ಇಲ್ಲದೆ ಓದಲಾಗದು. ಇದೇ ಎನ್‌ಕ್ರಿಪ್ಷನ್. ಭಟ್ಟರ ಅಮೃತಬಳ್ಳಿ ಇದ್ದ ಜಾಗದಲ್ಲಿ ಒಂದಷ್ಟು ಗೆರೆ, ಚುಕ್ಕಿ, ನಡುವೆ ಒಂದು ನಗುವ ಮುಖ ಕೂತಿದ್ದವು.

ನಾನು ಬರುವ ಮೊದಲೇ ಗೌಡರು ತಮ್ಮ ಹತ್ತಿರವಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು, ಗಾಬರಿಯಲ್ಲಿ ಕೋಣೆಯ ನಕಲನ್ನು ಯಂತ್ರಕ್ಕೆ ಹಾಕಿಬಿಟ್ಟಿದ್ದರು. ಜಾತಕದ ಫ್ಲಾಪಿಯ ಜೊತೆ ಬಂದಿದ್ದ ಬೀಗ ಹಾಕುವ ಪ್ರೋಗ್ರಾಂ ಒಳಗೇ ಇತ್ತಲ್ಲ, ಆ ಫ್ಲಾಪಿಗೂ ಹಾಕಿತು. ನಾನು ಹೋಗಿ ತೆರೆಯ ಸಂದೇಶವನ್ನು ಬರೆದುಕೊಂಡು ಸ್ವಿಚ್ ಆರಿಸಿದೆ.

“ದುಡ್ಡು ಕಳಿಸ್ಬಿಡಾಣ. ಭಟ್ರ ಮುಖ ನೋಡಕಾಗಲ್ಲ,” ಎಂದರು ಗೌಡರು.

“ಕಳಿಸಿದ್ಮೇಲೂ ಕೀ ಬರ್ದಿದ್ರೆ ಸರ್? ಅವ್ರು ಮಾತಿಗೆ ತಪ್ಪಲ್ಲ ಅಂತ ಅವ್ರ ಜಾತಕ ನೋಡಿದೀರಾ?”

ಗೌಡರು ಕನ್ನಡಕ ಒರೆಸಿಕೊಂಡರು. ಬೆಂಚಿನ ಮೇಲಿದ್ದ ಭಟ್ಟರು ಮೆಲ್ಲಗೆ, “ತೀರ್ಥಳ್ಳಿದು ತರ್ಸಿ ಹಾಕಿದ್ರೆ?” ಎಂದರು.

“ತರ್ಸಣ. ಆದ್ರೆ ಒಳಗಿರೋ ಕಳ್ಳನ್ನ ಹೊರಗೆ ಹಾಕದೆ ಅದನ್ನ ಮುಟ್ಟೋದ್ ಬ್ಯಾಡ.”

“ಹಾಳೆನೆಲ್ಲ ಒಲೆಗೆ ಹಾಕ್ದೆ ಮಾರಾಯ್ರೆ,” ಎಂದರು ಭಟ್ಟರು. ಬೆಂಚಿನಿಂದ ಏಳುತ್ತಾ, “ನೀರೇನೋ ಚೆನ್ನಾಗೇ ಕಾದಿತ್ತು.”

ಬರೆದುಕೊಂಡಿದ್ದ ಸಂದೇಶದ ಜೊತೆ ಪೊಲೀಸ್ ಠಾಣೆಗೆ ದೂರು ಕೊಟ್ಟೆ. ಒಡೆದ ಬೀಗ ಎಲ್ಲಿ ಎಂದು ಕೇಳಿದರು. ಹಾಕಿದ ಬೀಗದ ಬಗ್ಗೆ ದೂರು ಅವರಿಗೂ ಹೊಸದು. ಜಾತಕದ ಫ್ಲಾಪಿಯ ಒಂದು ನಕಲು ಹೊಸನಗರದ ಸ್ನೇಹಿತರಿಗೆ ಹೋಗಿದೆಯೆಂದು ಗೌಡರು ನೆನಪಿಸಿಕೊಂಡರು. ಟ್ರಂಕ್ ಕಾಲ್ ಮಾಡಿ ತಡೆದೆವು. ಆಮೇಲೆ ಶುದ್ಧವಾದ ಬೇರೆ ಫ್ಲಾಪಿಯಿಂದ ಯಂತ್ರ ಚಾಲು ಮಾಡಿ, ಕೀ ಎಂದಾದರೂ ಸಿಕ್ಕೀತೆಂದು ಬೀಗಬಿದ್ದ ಫೈಲುಗಳನ್ನು ಬೇರೆ ತೆಗೆದಿಟ್ಟು, ಡಿಸ್ಕನ್ನು ಪೂರ್ತಿ ಅಳಿಸಿದೆ.

ತೀರ್ಥಹಳ್ಳಿ ಬಸ್ಸು ಬಂದಾಗ ನಿಲ್ದಾಣದಲ್ಲಿ ನಾವು ಮೂವರೂ ನಿಂತಿದ್ದೆವು. “ಯಾರಿಗಾದ್ರೂ ಹುಷಾರಿಲ್ವಾ? ಔಷಧಿನಾ ಇದು?” ಎಂದು ಡ್ರೈವರ್ ಕೇಳಿದ. “ಹೌದು, ಔಷಧಿನೇ,” ಎಂದರು ಭಟ್ಟರು. ಫ್ಲಾಪಿಯ ಅಂಚಿನಲ್ಲೊಂದು ಕಚ್ಚು ಇರುತ್ತದೆ. ಅದನ್ನು ಮುಚ್ಚಿದರೆ ಓದಬಹುದು, ಅದರ ಮೇಲೆ ಬರೆಯಲಾಗದು. ಮೆಡಿಕಲ್ ಶಾಪಿನ ಪ್ಲಾಸ್ಟರ್ ಅಂಟಿಸಿ ಒಳಗೆ ಹಾಕಿದೆ. ಅಮೃತಬಳ್ಳಿ ಅಮೃತಬಳ್ಳಿಯಾಗಿಯೇ ಬಂತು. ಭಟ್ಟರು ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿದರು.

ಆ ಕೋಣೆ, ಬಾಗಿಲಾಚೆಯ ಚಪ್ಪಲಿ ಸಾಲು ಈಗಲೂ ಕಣ್ಣಿಗೆ ಕಟ್ಟುತ್ತವೆ. ಕೆಲಸ ಕಲಿಸಿದ್ದು ಇಷ್ಟು: ನಕಲು ಇದ್ದರೆ ಸಾಲದು, ಒಂದು ಬೇರೆ ಊರಲ್ಲಿರಬೇಕು, ಕೆಟ್ಟ ಯಂತ್ರಕ್ಕೆ ಒಳ್ಳೆಯ ನಕಲು ತೋರಿಸಬಾರದು.

ಹಣ ಕಳಿಸಲಿಲ್ಲ, ಕೀ ಬರಲಿಲ್ಲ. ಕೊನೆಯ ನಕಲಿನ ನಂತರ ಟೈಪ್ ಮಾಡಿದ್ದ ಗಿಡಗಳಷ್ಟೇ ಹೋದವು. ಭಟ್ಟರು ಮತ್ತೆ ಬ್ಯಾಕೋಡಿಗೆ ಹೋಗಿ ಕೇಳಿಕೊಂಡು ಬಂದರು. ಒಂದು ಗಿಡದ ವಿಷಯ ಹೇಳಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಪಟ್ಟಿಯಲ್ಲಿ ಈಗಲೂ ಆ ಗಿಡದ ಹೆಸರೊಂದೇ ಇದೆ, ಮುಂದಿನ ಜಾಗ ಖಾಲಿ.